ಇಪ್ಪತ್ತೇಳನೇ ನಂಬರಿನ ಅಂಗಿ

ಫಿಂಚನ ಕ್ಷೌರದಂಗಡಿಗೂ ನನ್ನ ಲಾಂಡ್ರಿಗೂ
ನಡುವೆ ಒಂದೇ ಗೋಡೆ, ಅದೂ ಹಲಗೆಯದು.
ಶನಿವಾರ ಬೆಳಿಗ್ಗೆ ಅಲ್ಲಿ
ಕೂದಲಿಗಿಂತ ಮಾತೇ ಜಾಸ್ತಿ ಉದುರುತ್ತದೆ.
ಈ ವಾರವೂ ಎಜ್ರಾ ಪೆಟಿವೇಯದೇ ಪಂಚಾಯ್ತಿ.

ಅವನು ಆಟ ಬಿಟ್ಟು ಹನ್ನೊಂದು ವರ್ಷ.
ಸ್ಟೇಡಿಯಮ್ಮಿನ ಉತ್ತರದ ಗೇಟಿಗೆ
ಅವನ ಹೆಸರಿಡಬೇಕೋ ಬೇಡವೋ ಎಂದು
ಓಹಾಯೋ ದಂಡೆಯ ಈ ಊರು
ಇನ್ನೂ ಗಡ್ಡ ಕೆರೆದುಕೊಳ್ಳುತ್ತಿದೆ.

ಮಿಲಾನ್ ಹುಡಾಕ್ ಅನ್ನುತ್ತಾನೆ: "ಮೈಗಳ್ಳ.
ಮೂವತ್ತೊಂದು ವರ್ಷ ಕುಲುಮೆ ಮುಂದೆ ನಿಂತವನು ನಾನು,
ನನಗೆ ದೂರದಿಂದಲೇ ಗೊತ್ತಾಗುತ್ತೆ.
ಗುರುವಾರದ ಅಭ್ಯಾಸದಲ್ಲಿ ಒಂದೇ ಒಂದು ದಿನ
ಅವನು ಮೈ ಬಗ್ಗಿಸಿದ್ದು ಕಂಡವರಿದ್ದರೆ ಕೈ ಎತ್ತಿ.
ಕಾಲು ದೇವರು ಕೊಟ್ಟದ್ದು. ಅವನು ಕೊಟ್ಟದ್ದೇನು?"

ಕುರ್ಚಿ ಕಿರ್ರೆನ್ನುತ್ತದೆ. ಹತ್ತೊಂಬತ್ತರ ಕಿವಾನ್
ಅರ್ಧ ಬೋಳಿಸಿದ ತಲೆಯಲ್ಲೇ ಎದ್ದಿರಬೇಕು:
"ಒಂಬತ್ತು ಸಾವಿರದ ನಾನೂರು ಗಜ ಕಣಜ್ಜ!
ಬಾಯಲ್ಲಿ ಓಡಿದ್ದಲ್ಲ."
"ಹತ್ತು ಸಾವಿರ ಆಗಬೇಕಿತ್ತು."

ಆ ಉಳಿದ ಆರುನೂರು ಗಜವನ್ನೇ ಹಿಡಿದು
ಮಧ್ಯಾಹ್ನದ ತನಕ ಜಗ್ಗುತ್ತಾರೆ,
ಒಂದು ಮೂಳೆಗೆ ಎರಡು ನಾಯಿ.
ಫಿಂಚ್ ಮಾತ್ರ ಕತ್ತರಿಯಾಡಿಸುತ್ತ
ಎರಡೂ ಕಡೆಗೆ ಹೂಂಗುಟ್ಟುತ್ತಾನೆ;
ಇಬ್ಬರ ಕಾಸೂ ಬೀಳುವುದು ಒಂದೇ ಗಲ್ಲಾಕ್ಕೆ.

ನನ್ನನ್ನು ಯಾರೂ ಕೇಳಿಲ್ಲ.
ಅವನಾಡಿದ ಎಂಟೂ ಸೀಸನ್ನು ತಂಡದ ಬಟ್ಟೆ ಒಗೆದವಳು
ಈ ವರ್ಲೀನ್ ಸ್ಟೋಕ್ಸ್.
ಐವತ್ತಮೂರು ಅಂಗಿ, ಐವತ್ತಮೂರು ಚಡ್ಡಿ, ವಾರಕ್ಕೆರಡು ಸಲ.
ಒಗೆಯುವವಳ ಮುಂದೆ ಯಾರ ಗುಟ್ಟು ನಿಂತೀತು?

ಹುಡಾಕನ ಮಾತು ಸುಳ್ಳಲ್ಲ.
ಗುರುವಾರದ ಇಪ್ಪತ್ತೇಳನೇ ನಂಬರು
ಹೋದ ಹಾಗೇ ವಾಪಸು ಬರುತ್ತಿತ್ತು.
ನಾನು ಹಾಕಿದ ಮಡಿಕೆ ಕೂಡ ಬಿಚ್ಚಿರುತ್ತಿರಲಿಲ್ಲ.
ಉಪ್ಪಿನ ಗೆರೆಯಿಲ್ಲ, ಕಂಕುಳ ನಾತವಿಲ್ಲ.
ಸಾಬೂನು ಯಾಕೆ ದಂಡ ಅಂತ
ಒಗೆಯದೇ ಕಳಿಸಿದ್ದೂ ಉಂಟು.
ಇವನಿಗೂ ಸಂಬಳ, ನನಗೂ ಸಂಬಳ ಎಂದು
ಆವಿಯಲ್ಲಿ ನಿಂತು ಬೈದಿದ್ದೂ ಉಂಟು.

ಭಾನುವಾರದ್ದು ಬೇರೆ ಅಂಗಿ.
ಉಳಿದವರದ್ದು ಎಲ್ಲೆಂದರಲ್ಲಿ ಕೊಳೆ,
ಬೆನ್ನು, ಭುಜ, ಪಕ್ಕೆ.
ಇವನದ್ದು ಎದೆ ಮಾತ್ರ.
ಎರಡರ ಮೇಲೆ, ಏಳರ ಮೇಲೆ
ನೂಲಿನೊಳಕ್ಕೆ ಇಳಿದ ಹುಲ್ಲಿನ ಹಸಿರು;
ಬೆನ್ನು ಹಾಳೆಯಂತೆ ಬೆಳ್ಳಗೆ.
ಬಿದ್ದಾಗಲೆಲ್ಲ ಮುಂದಕ್ಕೇ ಬಿದ್ದವನು.
ಗೋಡೆಯಂಥ ನಾಲ್ವರು ಕಾಲು ಹಿಡಿದೆಳೆದರೂ
ಚೆಂಡನ್ನು ಕೂಸಿನ ಹಾಗೆ ಅವುಚಿಕೊಂಡು
ಇನ್ನೊಂದು ಮೊಳ.
ಆ ಮೊಳ ಯಾರ ಲೆಕ್ಕದಲ್ಲಿದೆಯೋ ನಾನರಿಯೆ.
ವಿನೆಗರ್ ಹಾಕಿ ಉಜ್ಜಿದ ಬೆರಳು ಅರಿಯುತ್ತದೆ.

ಹಾಗಾದರೆ ಗುರುವಾರ ಎಲ್ಲಿರುತ್ತಿದ್ದ?
ಐಸಿನ ತೊಟ್ಟಿಯಲ್ಲಿ ಅಂದವರಿದ್ದಾರೆ,
ಯಾವಳದೋ ಮನೆಯಲ್ಲಿ ಅಂದವರೂ.
ನನಗೆ ಬಂದದ್ದು ಟವಲುಗಳು.
ಟವಲಿಗೆ ನಂಬರಿರುವುದಿಲ್ಲ.

ಮೊನ್ನೆ ಬಂದಿದ್ದ, ಉಣ್ಣೆಯ ಕೋಟು ಒಯ್ಯಲು.
ನಲವತ್ತೆರಡು ವಯಸ್ಸು.
ನನ್ನ ಬಾಗಿಲಿಗಿರುವುದು ಎರಡು ಮೆಟ್ಟಿಲು,
ಎರಡಕ್ಕೂ ಕಂಬಿ ಹಿಡಿದ.
ಚಿಲ್ಲರೆ ಕೊಡುವಾಗ ನಾಣ್ಯವೊಂದು ಜಾರಿ
ಉರುಳಿ ಅವನ ಬೂಟಿಗೆ ಒರಗಿತು.
ಇಬ್ಬರೂ ಅದನ್ನೇ ನೋಡಿದೆವು.
ಮಂಡಿ ಅವನ ಮಾತು ಕೇಳಲಿಲ್ಲ.
ಮೈ ಬಗ್ಗಿಸಿದ್ದು ನಾನು, ಅರವತ್ತೆಂಟರವಳು.

ಮೈಗಳ್ಳ ಅನ್ನುವ ಪದ ಆಗ ನೆನಪಾಗಿ
ಕದ್ದವರು ಯಾರು, ಕಳಕೊಂಡವರು ಯಾರು ಎಂದು
ಒಂದು ಗಳಿಗೆ ತಬ್ಬಿಬ್ಬಾಯಿತು.

"ಗೇಟಿಗೆ ನಿಮ್ಮ ಹೆಸರಂತೆ" ಅಂದೆ, ಮಾತಿಗೆ.
ಕೋಟಿನ ಗುಂಡಿ ಎಣಿಸುತ್ತ ನಿಂತಿದ್ದವನು
ತಲೆ ಎತ್ತದೆ ಅಂದ:
"ಗುರುವಾರ ಬೀಗ ಹಾಕಿರಲು ಹೇಳಿ."

ಇದನ್ನು ನಾನು ಆ ಗೋಡೆಗೆ ಹೇಳಿಲ್ಲ.
ಡ್ರೈಯರಿನ ಬಾಗಿಲು ಮುಚ್ಚಿ ಗುಂಡಿ ಒತ್ತುತ್ತೇನೆ.
ಆಚೆಗೆ ಹುಡಾಕ್,
ಇನ್ನೂ ಆರುನೂರು ಗಜ ಹಿಂದೆಯೇ.